ಫೇ ಯೂ-ಚಿಂಗ್: ಹಿಮದ ಹಾಡಿನ ಹಿಂದಿನ ಗಾಯಕ, ನಿರೂಪಕ – ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಲಾಕ್‌ಡೌನ್ ದಿನಗಳಲ್ಲಿ ಮೊಬೈಲು ಹಿಡಿದು ಕೂತಿದ್ದ ಬಹಳ ಜನ ಒಂದು ಚಿಕ್ಕ ವಿಡಿಯೊ ನೋಡಿದ್ದಾರೆ. ಹಿಮ ಬಿದ್ದ ಬಯಲಲ್ಲಿ ಬೋಳುತಲೆಯವರೊಬ್ಬರು ಮೊಬೈಲನ್ನು ತಮ್ಮ ಮುಖಕ್ಕೆ ಹಿಡಿದು, ನಿಧಾನವಾಗಿ ತಿರುಗುತ್ತ ಎರಡೇ ಸಾಲು ಹಾಡುತ್ತಾರೆ: ‘ಶುಯೆ ಹುವಾ ಪಿಯಾವ್ ಪಿಯಾವ್...’ ನೋಡಿದವರು ನಕ್ಕರು, ಮುಂದಿನವರಿಗೆ ಕಳಿಸಿದರು. ನಾನೂ ಕಳಿಸಿದ್ದೆ. ಆಮೇಲೊಂದು ರಾತ್ರಿ ಮೂಲ ಹಾಡನ್ನು ಹುಡುಕಿ ಪೂರ್ತಿ ಕೇಳಿದೆ. ಅಂದಿನಿಂದ ಆ ದನಿ ನನ್ನನ್ನು ಬಿಟ್ಟಿಲ್ಲ. ಅದು ತೈವಾನಿನ ಗಾಯಕ ಫೇ ಯೂ-ಚಿಂಗ್ ಅವರದು. ಇವರ ಹಾಡನ್ನು ಯಾರಿಗೆ ಕೇಳಿಸಿದರೂ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟಿದ್ದೇನೆ.

ಹಿಮದಲ್ಲಿ ಹಾಡುವ ಆ ಬೋಳುತಲೆಯವರೇ ಫೇ ಯೂ-ಚಿಂಗ್ ಅಲ್ಲವೇ?

ಅಲ್ಲ. ಅವರು ಚೀನಾದ ಬೇರೊಬ್ಬರು. 2020ರ ಜನವರಿಯಲ್ಲಿ ಕ್ವಾಯ್‌ಶೌ ಎಂಬ ಚೀನೀ ಆ್ಯಪ್‌ನಲ್ಲಿ ಆ ವಿಡಿಯೊ ಹಾಕಿದ್ದರು. ಅದರಲ್ಲಿರುವ ಹಾಡು ಮಾತ್ರ ಫೇ ಅವರದು, 1983ರದು. ‘ಯೀ ಜಿಯೆನ್ ಮೇಯ್’ ಎಂದು ಅದರ ಹೆಸರು. ಮೇ-ಜೂನ್ ಹೊತ್ತಿಗೆ ವಿಡಿಯೊ ಟಿಕ್‌ಟಾಕ್ ಏರಿ ಚೀನಾದ ಗಡಿ ದಾಟಿತು. ನಾರ್ವೆ, ಸ್ವೀಡನ್, ಫಿನ್ಲೆಂಡ್, ನ್ಯೂಜಿಲೆಂಡ್‌ಗಳ ಸ್ಪಾಟಿಫೈ ವೈರಲ್ ಪಟ್ಟಿಯಲ್ಲಿ 37 ವರ್ಷ ಹಳೆಯ ಮ್ಯಾಂಡರಿನ್ ಹಾಡೊಂದು ಮೇಲಿನ ಸ್ಥಾನಗಳಿಗೆ ಬಂದು ಕೂತಿತು. ಭಾರತದಲ್ಲಿ ಅದೇ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳಿಗೆ ನಿಷೇಧ ಬಿತ್ತು. ವಿಡಿಯೊ ಅಷ್ಟರಲ್ಲೇ ವಾಟ್ಸಾಪ್‌ಗೆ ಇಳಿದಾಗಿತ್ತು.

ಲೋಕವೆಲ್ಲ ಆ ಹಾಡನ್ನು ಗುನುಗುತ್ತಿದ್ದಾಗ ಹಾಡಿದವರು ಹಾಡುವುದನ್ನೇ ನಿಲ್ಲಿಸಿ ಏಳೆಂಟು ತಿಂಗಳಾಗಿತ್ತು. ಈ ಸಂಗತಿ ನೆನಪಾದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಆ ಎರಡು ಸಾಲಿನ ಅರ್ಥವೇನು?

‘ಶುಯೆ ಹುವಾ’ ಎಂದರೆ ಹಿಮದ ಹೂವು. ಬೀಳುವ ಹಿಮದ ಎಸಳಿಗೆ ಚೀನೀ ಭಾಷೆಯಲ್ಲಿ ಇರುವ ಹೆಸರೇ ಅದು. ‘ಪಿಯಾವ್ ಪಿಯಾವ್’ ಎಂದರೆ ತೇಲಿ ತೇಲಿ. ಮುಂದಿನ ಸಾಲಿನ ‘ಪೇಯ್ ಫೆಂಗ್’ ಬಡಗಣ ಗಾಳಿ, ‘ಶಿಯಾವ್ ಶಿಯಾವ್’ ಅದರ ಸುಯ್ಲು. ಕನ್ನಡದ ಕಿವಿಗೆ ಇದು ಬೇಗ ಹತ್ತುತ್ತದೆ. ಗಾಳಿ ಸುಯ್ ಸುಯ್ ಅಂದಿತು, ಎಲೆ ಪಟಪಟ ಅಂದಿತು ಎನ್ನುವ ನಮಗೆ ಅನುಕರಣದ ಜೋಡಿಮಾತು ಹೊಸದಲ್ಲ. ಅರ್ಥ ಗೊತ್ತಿಲ್ಲದೆಯೂ ‘ಪಿಯಾವ್ ಪಿಯಾವ್’ ನಾಲಿಗೆಗೆ ಅಂಟಿಕೊಂಡದ್ದು ಇದರಿಂದಲೇ ಇರಬೇಕು.

ಹಾಡಿನ ಹೆಸರಿಗೆ ‘ಕತ್ತರಿಸಿದ ಒಂದು ಪ್ಲಮ್ ರೆಂಬೆ’ ಎಂಬ ಅರ್ಥ. ಅದು ಹಳೆಯ ಚೀನೀ ಪದ್ಯಪ್ರಕಾರದ ಒಂದು ಮಟ್ಟಿನ ಹೆಸರೂ ಹೌದು. ಸುಂಗ್ ರಾಜವಂಶದ ಕಾಲದ ಕವಯಿತ್ರಿ ಲೀ ಚಿಂಗ್‌ಚಾವ್ ಆ ಮಟ್ಟಿನಲ್ಲಿ ವಿರಹದ ಪದ್ಯ ಬರೆದಿದ್ದಾರೆ. ಪ್ಲಮ್ ಮರ ಚಳಿಗಾಲದಲ್ಲಿ, ಬೇರೆ ಗಿಡಗಳೆಲ್ಲ ಬೋಳಾಗಿ ನಿಂತಾಗ ಹೂ ಬಿಡುತ್ತದೆ. ಪ್ರೇಮಿಗಳ ನಡುವೆ ಗಾಳಿಮಳೆ ಅಡ್ಡ ಬಂದರೂ ಪ್ರೀತಿ ಆ ಹೂವಿನಂತೆ ಹಿಮದಲ್ಲೇ ಅರಳಿ ನಿಲ್ಲುತ್ತದೆ ಎನ್ನುವುದು ಹಾಡಿನ ಭಾವ. ಅಂತರ್ಜಾಲದಲ್ಲಿ ಅದರ ಎರಡು ಸಾಲು ‘ಇನ್ನು ಎಲ್ಲ ಮುಗಿಯಿತು’ ಎಂಬಂಥ ನಿರಾಶೆಗೆ ಗುರುತಾಯಿತು. ಪೂರ್ತಿ ಹಾಡು ಹೇಳುವುದು ಇದಕ್ಕೆ ನೇರ ವಿರುದ್ಧವಾದದ್ದನ್ನು.

ಹೆಸರನ್ನು ಹೇಗೆ ಉಚ್ಚರಿಸಬೇಕು? ಬೇರೆ ಬೇರೆ ಕಡೆ ಬೇರೆ ಬೇರೆ ಥರ ಬರೆದಿರುತ್ತಾರಲ್ಲ?

ತೈವಾನಿನಲ್ಲಿ ಹೆಸರುಗಳನ್ನು ರೋಮನ್ ಲಿಪಿಗೆ ತರಲು ವೇಡ್-ಜೈಲ್ಸ್ ಎಂಬ ಹಳೆಯ ಪದ್ಧತಿ ಹೆಚ್ಚು ಬಳಕೆಯಲ್ಲಿತ್ತು. ಚೀನಾದಲ್ಲಿ ಬಳಸುವುದು ಪಿನ್‌ಯಿನ್. ಕಾಗುಣಿತದ ಗೊಂದಲವೆಲ್ಲ ಅದರಿಂದಲೇ, ವ್ಯಕ್ತಿ ಒಬ್ಬರೇ. ಉಚ್ಚಾರ ಸುಮಾರಾಗಿ ‘ಫೇ ಯೂ-ಛಿಂಗ್’. ಕೊನೆಯಲ್ಲಿ ಛಕಾರದ ಉಸಿರು ಇರಬೇಕು.

ಇದು ರಂಗದ ಹೆಸರು. ಹುಟ್ಟುಹೆಸರು ಚಾಂಗ್ ಯೆನ್-ತಿಂಗ್. ಚೀನೀ ರೂಢಿಯಂತೆ ಮನೆತನದ ಹೆಸರು ಮೊದಲು ಬರುತ್ತದೆ, ಅಂದರೆ ಇವರು ಚಾಂಗ್ ಮನೆಯವರು. ‘ಯೂ’ ಎಂದರೆ ಜೇಡ್ ಎಂಬ ಹಸಿರು ಮಣಿಶಿಲೆ, ‘ಚಿಂಗ್’ ಎಂದರೆ ತಿಳಿಯಾದದ್ದು. ದಾವ್ ಮತದಲ್ಲಿ ಅತಿ ಎತ್ತರದ ಸ್ವರ್ಗಕ್ಕೂ ಯೂ-ಚಿಂಗ್ ಎಂದೇ ಹೆಸರು. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ಆ ದನಿಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ.

ತೈವಾನಿನ ಜನಕ್ಕೆ ಮಾತ್ರ ಅವರು ‘ಶಿಯಾವ್ ಗ’. ಚಿಕ್ಕಣ್ಣ ಎಂದು ಹೇಳಬಹುದು. ಎಪ್ಪತ್ತರ ಅಜ್ಜಿಯೂ ಅವರನ್ನು ಚಿಕ್ಕಣ್ಣ ಎಂದೇ ಕರೆಯುತ್ತಾರೆ.

ಅವರು ಚಿಕ್ಕಣ್ಣನಾದರೆ ದೊಡ್ಡಣ್ಣ ಯಾರು?

ಚಾಂಗ್ ಫೇ. ತೈವಾನಿನ ಟಿವಿಯ ಅತಿ ದೊಡ್ಡ ನಿರೂಪಕರಲ್ಲೊಬ್ಬರು. ಕಪ್ಪು ಕನ್ನಡಕ, ಸ್ಯಾಕ್ಸೊಫೋನ್, ದೊಡ್ಡ ದನಿಯ ಹಾಸ್ಯ. (ಇಬ್ಬರ ಹೆಸರಿನ ‘ಫೇ’ ಬೇರೆ ಬೇರೆ. ಅಣ್ಣನದು ಕೊನೆಯಲ್ಲಿ ಬರುವ ಸ್ವಂತ ಹೆಸರು, ತಮ್ಮನದು ಮೊದಲಲ್ಲಿ ಬರುವ ಮನೆತನದ ಹೆಸರಿನ ಜಾಗದ್ದು. ಬರೆಯುವ ಅಕ್ಷರವೂ ಬೇರೆ.)

ಇವರಿಬ್ಬರಿಗೂ ಹಿರಿಯವರು ಅಕ್ಕ. ಫೇ ಚೆನ್-ಲಿಂಗ್ ಎಂಬ ಹೆಸರಿನಲ್ಲಿ ಹಾಡುತ್ತಿದ್ದರು. ಮನೆಯಿಂದ ಮೊದಲು ರಂಗಕ್ಕೆ ಬಂದವರು ಅವರೇ. ತಮ್ಮನ ರಂಗನಾಮಕ್ಕೂ ಅದೇ ‘ಫೇ’ ಬಂತು. 1991ರಲ್ಲಿ ಅವರು ಸಂನ್ಯಾಸ ತೆಗೆದುಕೊಂಡು ಬೌದ್ಧ ಭಿಕ್ಷುಣಿಯಾದರು. ಒಂದೇ ಮನೆಯಲ್ಲಿ ಅಲುಗದೆ ನಿಂತು ಹಾಡುವವರೊಬ್ಬರು, ವೇದಿಕೆಯನ್ನೇ ಅಲುಗಿಸುವವರೊಬ್ಬರು, ಎಲ್ಲವನ್ನೂ ಬಿಟ್ಟು ತಲೆ ಬೋಳಿಸಿಕೊಂಡವರೊಬ್ಬರು. ತೈವಾನಿನ ಜನ ಈ ಮೂವರನ್ನೂ ಮನೆಮಂದಿಯಂತೆ ಬಲ್ಲರು.

ಹುಟ್ಟು, ಬಾಲ್ಯ?

1955ರ ಜುಲೈ 17ರಂದು ಹುಟ್ಟಿದರು. ತಂದೆಯ ಮೂಲ ಊರು ಚೀನಾದ ಆನ್‌ಹುಯಿ ಪ್ರಾಂತ್ಯದ ತುಂಗ್‌ಚೆಂಗ್. 1949ರಲ್ಲಿ ಅಂತರ್ಯುದ್ಧ ಸೋತ ರಾಷ್ಟ್ರೀಯವಾದಿ ಸರ್ಕಾರ ತೈವಾನಿಗೆ ಬಂದಾಗ ಅದರೊಡನೆ ಲಕ್ಷಗಟ್ಟಲೆ ಜನ ಕಡಲು ದಾಟಿದ್ದರು. ಹಾಗೆ ಮೂಲ ಊರು ಆಚೆ ದಡದಲ್ಲೇ ಉಳಿದುಹೋದ ಮನೆಗಳಲ್ಲಿ ಬೆಳೆದ ಪೀಳಿಗೆ ಇವರದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವರ ಅರ್ಧದಷ್ಟು ಹಾಡುಗಳು ತಾವಾಗಿ ಅರ್ಥವಾಗುತ್ತವೆ.

ಹಾಡುವುದಕ್ಕೆ ಬಂದದ್ದು ಹೇಗೆ?

ಹದಿಹರೆಯದಲ್ಲೇ ಟಿವಿಯ ಹಾಡಿನ ಸ್ಪರ್ಧೆಗೆ ನಿಂತರು. ಆಮೇಲೆ ತೈಪೆಯ ಹೋಟೆಲುಗಳ ರಾತ್ರಿ ಕಾರ್ಯಕ್ರಮಗಳಲ್ಲಿ ಹಾಡಿದರು. ಆ ಕಾಲದ ಗಾಯಕರ ಪಾಠಶಾಲೆ ಅದೇ. ಊಟ ಮಾಡುತ್ತ, ಹರಟುತ್ತ ಕೂತವರ ಕಿವಿಯನ್ನು ತನ್ನ ಕಡೆ ತಿರುಗಿಸಿಕೊಳ್ಳಬೇಕು, ಹಾಡು ಮತ್ತು ಹಾಡಿನ ನಡುವೆ ನಾಲ್ಕು ಮಾತಾಡಿ ನಗಿಸಬೇಕು. ಮುಂದೆ ಟಿವಿಯಲ್ಲಿ ಕಂಡ ನಿರೂಪಕ ತಯಾರಾದದ್ದು ಈ ಹೋಟೆಲುಗಳಲ್ಲೇ ಎಂದು ನನ್ನ ನಂಬಿಕೆ.

ತಿರುವು ತಂದವರು ಸಂಗೀತ ಸಂಯೋಜಕ, ಚಿತ್ರ ನಿರ್ದೇಶಕ ಲಿಯು ಚಿಯಾ-ಚಾಂಗ್. 1970ರ ದಶಕದಲ್ಲಿ ತೈವಾನಿನ ಮನೆಮನೆಯಲ್ಲಿ ಕೇಳುತ್ತಿದ್ದ ಹಾಡುಗಳಲ್ಲಿ ಎಷ್ಟೋ ಅವರವು. ಈ ಹುಡುಗನ ದನಿಯನ್ನು ಅವರು ಕೈಗೆತ್ತಿಕೊಂಡರು. 1977ರಲ್ಲಿ ಮೊದಲ ಆಲ್ಬಮ್ ಬಂತು: ‘ವೋ ಶಿನ್ ಶೆನ್ ಚೂ’, ನನ್ನ ಎದೆಯಾಳದಲ್ಲಿ. ಆಗ ಫೇ ಅವರಿಗೆ 22 ವರ್ಷ.

ಆ ದನಿಯಲ್ಲಿ ಅಂಥದ್ದೇನಿದೆ?

ಈ ಪ್ರಶ್ನೆಗೆ ಪುಟಗಟ್ಟಲೆ ಬರೆಯಬಲ್ಲೆ.

ಮೊದಲನೆಯದು ಅಕ್ಷರಶುದ್ಧಿ. ಚೀನೀ ಹಾಡುಗಾರಿಕೆಯಲ್ಲಿ ಹಳೆಯದೊಂದು ಮೆಚ್ಚುಗೆಯ ಮಾತಿದೆ: ಅಕ್ಷರ ನೆಟ್ಟಗೆ, ನಾದ ದುಂಡಗೆ. ಮ್ಯಾಂಡರಿನ್ ಸ್ವರದ ಏರಿಳಿತದಿಂದಲೇ ಅರ್ಥ ಬದಲಾಗುವ ಭಾಷೆ. ಅಂಥ ಭಾಷೆಯ ಮಾತನ್ನು ರಾಗಕ್ಕೆ ಕೂರಿಸಿದಾಗ ಮಾತು ಮಸುಕಾಗುವುದು ಸುಲಭ. ಫೇ ಹಾಡಿದರೆ ಪ್ರತಿ ಅಕ್ಷರವೂ ತೊಳೆದಿಟ್ಟ ಹಾಗೆ ಕೇಳಿಸುತ್ತದೆ. ಭಾಷೆ ಬಾರದ ನಾನೂ ಎರಡನೇ ಸಲಕ್ಕೆ ಪದಗಳನ್ನು ಬಿಡಿಬಿಡಿಯಾಗಿ ಹಿಡಿಯಬಲ್ಲವನಾದೆ.

ಎರಡನೆಯದು ಒತ್ತಡವಿಲ್ಲದ ಎತ್ತರ. ಮೇಲಿನ ಸ್ವರಕ್ಕೆ ಹೋಗುವಾಗ ಅವರು ದನಿಯನ್ನು ದಪ್ಪ ಮಾಡುವುದಿಲ್ಲ, ಗಂಟಲು ಬಿಗಿಯುವುದಿಲ್ಲ. ತೆಳ್ಳಗೆ, ನೇರವಾಗಿ ಮೇಲೆ ಹೋಗಿ, ಸಾಲಿನ ಕೊನೆಗೆ ಬಂದಾಗಷ್ಟೇ ಸಣ್ಣದೊಂದು ಕಂಪನ ಕೊಟ್ಟು ಬಿಡುತ್ತಾರೆ. ಅಳುವ ಹಾಡಿನಲ್ಲೂ ಅವರು ಅಳುವುದಿಲ್ಲ. ಅಳುವ ಕೆಲಸವನ್ನು ಕೇಳುವವರಿಗೆ ಬಿಡುತ್ತಾರೆ.

ಮೂರನೆಯದು ನಿಲುವು. ಒಪ್ಪವಾದ ಸೂಟು, ಮೈ ಕಂಬದಂತೆ ನೆಟ್ಟಗೆ, ಮುಖ ಮಾತ್ರ ಮೇಲಕ್ಕೆ ಎತ್ತಿರುತ್ತದೆ. ಆ ‘45 ಡಿಗ್ರಿ’ ತಲೆಯೆತ್ತುವಿಕೆ ತೈವಾನಿನಲ್ಲೂ ಚೀನಾದಲ್ಲೂ ಎಷ್ಟು ಪ್ರಸಿದ್ಧವೆಂದರೆ, ಅವರನ್ನು ಅನುಕರಿಸುವವರು ಬಾಯಿ ತೆರೆಯುವ ಮೊದಲೇ ತಲೆ ಎತ್ತುತ್ತಾರೆ, ಜನರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಕುಣಿತವಿಲ್ಲ, ಓಡಾಟವಿಲ್ಲ. ಹಾಡೊಂದನ್ನು ಬಿಟ್ಟರೆ ನೋಡುವುದಕ್ಕೆ ಅಲ್ಲಿ ಬೇರೇನನ್ನೂ ಅವರು ಇಟ್ಟಿಲ್ಲ.

ಅವರು ಹಾಡಿದ್ದರಲ್ಲಿ ಬಹುಪಾಲು ಬೇರೆಯವರ ಹಳೆಯ ಹಾಡುಗಳೇ ಅಂತೆ. ಹೌದೇ?

ಬಹಳ ಹಾಡಿದ್ದಾರೆ, ಅದು ನಿಜ. 1930-40ರ ದಶಕದ ಶಾಂಘೈನಲ್ಲಿ ಚೌ ಶ್ವೆನ್ ಮೊದಲಾದ ಗಾಯಕಿಯರು ಹಾಡಿದ ಸಿನಿಮಾ ಹಾಡುಗಳು, ಆಮೇಲೆ ಹಾಂಗ್‌ಕಾಂಗಿನಲ್ಲಿ ಬಂದ ಹಾಡುಗಳು: ಇವನ್ನು ಅವರು ದಶಕಗಟ್ಟಲೆ ಮತ್ತೆ ಮತ್ತೆ ಧ್ವನಿಮುದ್ರಿಸಿದರು. ಆ ಕಾಲದ ಹಾಡುಗಳು ಹೆಚ್ಚಾಗಿ ಹೆಣ್ಣುದನಿಗೆಂದು ಕಟ್ಟಿದವು. ಅವನ್ನು ಗಂಡುದನಿಯಲ್ಲಿ ನವಿರು ಕೆಡದಂತೆ ಹಾಡುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ.

ಇದನ್ನು ಕೊರತೆ ಎನ್ನುವವರಿದ್ದಾರೆ, ನನಗೆ ಹಾಗನ್ನಿಸುವುದಿಲ್ಲ. ‘ನಾನ್‌ಪಿಂಗ್ ವಾನ್ ಜೊಂಗ್’ ಎಂಬ ಹಾಡು ತೆಗೆದುಕೊಳ್ಳಿ. ಹಾಂಗ್‌ಚೌ ಊರಿನ ಪಶ್ಚಿಮ ಸರೋವರದ ಬಳಿ ಸಂಜೆ ಮೊಳಗುವ ದೇಗುಲದ ಗಂಟೆಯ ಹಾಡು ಅದು. ಮೊದಲು ಹಾಡಿದವರು ಗಾಯಕಿ ತ್ಸುಯಿ ಪಿಂಗ್. ಯಾರನ್ನೋ ಹುಡುಕಿಕೊಂಡು ಕಾಡು ಹೊಕ್ಕವರಿಗೆ ಅವರು ಸಿಗುವುದಿಲ್ಲ, ಗಂಟೆಯೊಂದು ಸಿಗುತ್ತದೆ. ಫೇ ಇದನ್ನು ಹಾಡಿದ ಮೇಲೆ ಎಷ್ಟೋ ಕೇಳುಗರಿಗೆ ಅದು ಅವರದೇ ಹಾಡಾಯಿತು. ಹಳೆಯ ಹಾಡು ಬಾಯಿಯಿಂದ ಬಾಯಿಗೆ ದಾಟಿ ಬದುಕುವುದು ಹೀಗೇ ಅಲ್ಲವೇ?

ಅವರ ಹಾಡುಗಳಲ್ಲಿ ರಾಜಕೀಯವೂ ಇತ್ತೇ?

ಇತ್ತು. ತೈವಾನಿನಲ್ಲಿ 1949ರಿಂದ 1987ರವರೆಗೆ ಸೇನಾಡಳಿತದ ಕಾಯ್ದೆ ಜಾರಿಯಲ್ಲಿತ್ತು. ಹಾಡುಗಳ ಮೇಲೆ ಸರ್ಕಾರದ ಕಣ್ಣಿತ್ತು, ದೇಶಭಕ್ತಿಯ ಹಾಡುಗಳಿಗೆ ಪ್ರೋತ್ಸಾಹವಿತ್ತು. ಲಿಯು ಚಿಯಾ-ಚಾಂಗ್ ಬರೆದ, ಚೀನಾ ಗಣರಾಜ್ಯವನ್ನು (ತೈವಾನಿನ ಅಧಿಕೃತ ಹೆಸರು ಅದೇ) ಹೊಗಳುವ ಹಾಡೊಂದು ಫೇ ಅವರ ದನಿಯಲ್ಲಿ ಬಹಳ ಪ್ರಸಿದ್ಧವಾಯಿತು. ಎತ್ತರದ ಬೆಟ್ಟ, ಹುಲ್ಲುಗಾವಲು, ದೊಡ್ಡ ನದಿ: ಅದರಲ್ಲಿ ಬರುವ ನೆಲವೆಲ್ಲ ಆಚೆ ದಡದ್ದು. ಹಾಡುವ ಯುವಕ ಕಣ್ಣಾರೆ ಕಾಣದ ನೆಲ.

‘ಮೆಂಗ್ ಥುವೊ ಲಿಂಗ್’, ಅಂದರೆ ಕನಸಿನಲ್ಲಿ ಕೇಳುವ ಒಂಟೆಯ ಗಂಟೆ, ಇದೇ ಹಂಬಲದ ಹಾಡು. ಬೆಟ್ಟದ ತುದಿ ಹತ್ತಿ ಹುಟ್ಟೂರು ಕಂಡೀತೇ ಎಂದು ನೋಡಿದರೆ ಕಣ್ಣು ಹರಿದಷ್ಟು ದೂರ ಹಳದಿ ಮರಳು. ಸರ್ಕಾರಕ್ಕೆ ಇದರಲ್ಲಿ ಏನು ಬೇಕಾಗಿತ್ತೋ ಅದು ಬೇರೆ. ಊರು ಬಿಟ್ಟು ಬಂದು ಮೂವತ್ತು ವರ್ಷ ಕಾಗದವನ್ನೂ ಬರೆಯಲಾಗದ ಮುದುಕರು ರೇಡಿಯೊ ಮುಂದೆ ಕೂತು ಇದನ್ನು ಕೇಳಿದಾಗ ಅವರ ಕಣ್ಣಲ್ಲಿ ಬಂದ ನೀರಿಗೆ ಯಾವ ಪಕ್ಷವೂ ಇರಲಿಲ್ಲ. ಚೀನಾದಲ್ಲಿರುವ ನೆಂಟರನ್ನು ನೋಡಿ ಬರಲು ತೈವಾನಿನ ಜನಕ್ಕೆ ಅನುಮತಿ ಸಿಕ್ಕದ್ದು 1987ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಊರಿಗೆ ಹೋಗಲು ಇದ್ದದ್ದು ಹಾಡಿನ ದಾರಿಯೊಂದೇ. ಹಾಡುಗಳು ಮಾತ್ರ ಎದುರು ದಿಕ್ಕಿಗೂ ಹರಿದವು. ಇಂದು ಇವರ ಕೇಳುಗರ ದೊಡ್ಡ ಪಾಲು ಇರುವುದು ಚೀನಾದಲ್ಲೇ.

ಇಷ್ಟು ಗಂಭೀರವಾಗಿ ಹಾಡುವವರು ಟಿವಿ ನಿರೂಪಕರಾಗಿ ಗೆದ್ದದ್ದು ಹೇಗೆ?

ಮೊದಲು ಅಲ್ಲಿನ ಟಿವಿಯ ವಿಚಾರ. ತೈವಾನಿನಲ್ಲಿ ಬಹುಕಾಲ ಇದ್ದದ್ದು ಮೂರೇ ವಾಹಿನಿ: 1962ರಲ್ಲಿ ಬಂದ ಟಿಟಿವಿ, 1969ರ ಸಿಟಿವಿ, 1971ರ ಸಿಟಿಎಸ್. ಕೇಬಲ್ ಟಿವಿಗೆ ಕಾನೂನಿನ ಒಪ್ಪಿಗೆ ಸಿಕ್ಕದ್ದು 1993ರಲ್ಲಿ. ಮೂರೇ ವಾಹಿನಿ ಇದ್ದ ಕಾಲದಲ್ಲಿ ವಾರಾಂತ್ಯದ ಸಂಜೆ ಇಡೀ ಮನೆ ಕೂತು ನೋಡುತ್ತಿದ್ದದ್ದು ‘ಜೊಂಗ್‌ಯಿ’ ಕಾರ್ಯಕ್ರಮಗಳನ್ನು. ಹಾಡು, ಕಿರುನಾಟಕ, ಆಟ, ಅತಿಥಿಯ ಜೊತೆ ಹರಟೆ ಎಲ್ಲ ಸೇರಿದ ಮಿಶ್ರಣ ಅದು. ಅದರ ನಿರೂಪಕರಿಗೆ ಹಾಡಲು ಬರಲೇಬೇಕು. ಹಾಗಾಗಿ ಗಾಯಕರೇ ನಿರೂಪಕರಾಗುವುದು ಅಲ್ಲಿ ವಾಡಿಕೆ. ತರತರದ ಟೋಪಿಗಳಿಗೆ ಹೆಸರಾಗಿದ್ದ, 2012ರಲ್ಲಿ ತೀರಿಕೊಂಡ ಗಾಯಕಿ ಫಾಂಗ್ ಫೇ-ಫೇ ಕೂಡ ಹೀಗೆ ಹಾಡು-ನಿರೂಪಣೆ ಎರಡರಲ್ಲೂ ಮನೆಮಾತಾದವರು.

ಫೇ ಯೂ-ಚಿಂಗ್ ನಿರೂಪಕರಾಗಿ ಉತ್ತುಂಗಕ್ಕೆ ಏರಿದ್ದು 1990ರ ದಶಕದಲ್ಲಿ, ಸಿಟಿಎಸ್ ವಾಹಿನಿಯ ‘ಲುಂಗ್ ಶಿಯುಂಗ್ ಹು ತೀ’ ಕಾರ್ಯಕ್ರಮದಿಂದ. ಡ್ರಾಗನ್ ಅಣ್ಣ, ಹುಲಿ ತಮ್ಮ ಎಂದು ಅದರ ಅರ್ಥ. ಅಣ್ಣ ಚಾಂಗ್ ಫೇ ಜೊತೆಗೆ ತಮ್ಮ ನಿಂತರು. ಅಣ್ಣ ಮುಂದೆ ನುಗ್ಗುವವರು, ಅತಿಥಿಯ ಕಾಲೆಳೆಯುವವರು. ತಮ್ಮ ಅದೇ ಸೂಟಿನಲ್ಲಿ ಕೈಕಟ್ಟಿ ನಿಂತು, ಬಹಳ ವಿನಯದಿಂದ, ಮೆಲುದನಿಯಲ್ಲಿ ಒಂದೇ ಒಂದು ಮಾತು ಸೇರಿಸುತ್ತಾರೆ. ನಗು ಸಿಡಿಯುವುದು ಆ ಮಾತಿಗೆ. ದೊಡ್ಡ ದನಿಯ ಪಕ್ಕದಲ್ಲಿ ಸಣ್ಣ ದನಿ ಇಟ್ಟರೆ ಜನ ಸಣ್ಣದಕ್ಕೆ ಕಿವಿಗೊಡುತ್ತಾರೆಂಬುದು ಆ ಅಣ್ಣತಮ್ಮಂದಿರಿಗೆ ಚೆನ್ನಾಗಿ ಗೊತ್ತಿತ್ತು.

ಅವರು ಪೋಲಿ ಜೋಕು ಹೇಳುತ್ತಿದ್ದರು ಎನ್ನುವುದು ನಿಜವೇ?

ನಿಜ, ಮತ್ತು ಅದಕ್ಕೆ ಬಹಳ ಪ್ರಸಿದ್ಧರು. ಮುಖದಲ್ಲಿ ಸಂಕೋಚ, ಭಾಷೆಯಲ್ಲಿ ಮರ್ಯಾದೆ, ಕತೆಯಲ್ಲಿ ತುಂಟತನ. ಕೆಟ್ಟ ಪದ ಬಾಯಿಗೆ ಬರುವುದಿಲ್ಲ. ಕೇಳುವವರೇ ಅರ್ಥ ಪೂರೈಸಿಕೊಂಡು ನಗಬೇಕು. ಎಲ್ಲರಿಗೂ ಹಿಡಿಸುವಂಥದ್ದಲ್ಲ. ಇಂದು ನೋಡಿದರೆ ಕೆಲವು ಹಳತಾಗಿಯೂ ಕಾಣುತ್ತವೆ. ಆದರೆ ಜೋಕು ಮುಗಿದ ಅರೆಗಳಿಗೆಯಲ್ಲಿ ಅವರು ಮೈಕು ಎತ್ತಿ ಮುಖ ಮೇಲೆ ಮಾಡಿ ಹಾಡು ಶುರು ಮಾಡುವುದನ್ನು ನೋಡಬೇಕು. ನಗುತ್ತಿದ್ದ ಸಭೆ ಒಂದೇ ಸಾಲಿಗೆ ಸುಮ್ಮನಾಗುತ್ತದೆ. ಇಬ್ಬರು ಬೇರೆ ಬೇರೆ ಮನುಷ್ಯರೇ ಎನ್ನಿಸುತ್ತದೆ. ಬಹಳ ಸಲ ನೋಡಿದ ಮೇಲೆ ನನಗೆ ಹೊಳೆದದ್ದು, ಹಾಡಿಗೂ ಜೋಕಿಗೂ ಅವರು ಬಳಸುವ ಉಪಾಯ ಒಂದೇ ಎಂದು: ಪೂರ್ತಿ ಹೇಳುವುದಿಲ್ಲ, ಒತ್ತಿ ಹೇಳುವುದಿಲ್ಲ, ಉಳಿದದ್ದನ್ನು ಕೇಳುವವರ ಕೈಗೆ ಬಿಡುತ್ತಾರೆ.

ಬೇರೆ ಗಾಯಕರ ದನಿಯನ್ನು ಅನುಕರಿಸುವುದರಲ್ಲೂ ನಿಪುಣರು. ಗಂಡುದನಿ, ಹೆಣ್ಣುದನಿ ಎರಡನ್ನೂ ತರುತ್ತಾರೆ. ಇನ್ನೊಬ್ಬರು ಉಸಿರು ಎಲ್ಲಿ ಎಳೆಯುತ್ತಾರೆ, ಯಾವ ಅಕ್ಷರವನ್ನು ಜಗ್ಗುತ್ತಾರೆ ಎಂದು ಅಷ್ಟು ಗಮನವಿಟ್ಟು ಕೇಳದವರಿಗೆ ಇದು ಸಾಧ್ಯವಿಲ್ಲ.

‘ಚಿಂಗ್ ಯಿನ್‌ಯೂಯೆ’ ಎಂಬ ಕಾರ್ಯಕ್ರಮದ ತುಣುಕುಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಅದೇನು?

ಅವರ ಸ್ವಂತ ಸಂಗೀತ ಕಾರ್ಯಕ್ರಮ. ಹೆಸರಿನಲ್ಲೊಂದು ಚಂದದ ಶ್ಲೇಷೆ ಇದೆ. ‘ಚಿಂಗ್’ ಎಂಬ ಉಚ್ಚಾರದ ಒಂದು ಅಕ್ಷರಕ್ಕೆ ತಿಳಿ ಎಂದರ್ಥ, ಅದು ಅವರ ಹೆಸರಿನ ಕೊನೆಯ ಅಕ್ಷರ. ಅದೇ ಉಚ್ಚಾರದ ಇನ್ನೊಂದು ಅಕ್ಷರಕ್ಕೆ ಹಗುರ ಎಂದರ್ಥ. ಹೀಗಾಗಿ ಕಿವಿಗೆ ‘ಲಘು ಸಂಗೀತ’, ಕಣ್ಣಿಗೆ ‘ಚಿಂಗ್ ಅವರ ಸಂಗೀತ’.

ಅತಿಥಿಯಾಗಿ ಬಂದ ಗಾಯಕರ ಜೊತೆ ಕೂತು ಮಾತಾಡುತ್ತಾರೆ, ಆಮೇಲೆ ಇಬ್ಬರೂ ಹಾಡುತ್ತಾರೆ. ಜೋಡಿಯಾಗಿ ಹಾಡುವಾಗ ಫೇ ಅವರನ್ನು ಗಮನಿಸಿ. ಅತಿಥಿಯ ದನಿ ಚಿಕ್ಕದಾದರೆ ತಮ್ಮದನ್ನು ಇನ್ನೂ ಚಿಕ್ಕದು ಮಾಡುತ್ತಾರೆ. ಅತಿಥಿ ಸಾಲು ಮರೆತರೆ ಯಾರಿಗೂ ತಿಳಿಯದಂತೆ ಎತ್ತಿಕೊಡುತ್ತಾರೆ. ಅವರ ಎಲ್ಲ ಕೆಲಸದಲ್ಲಿ ನನಗೆ ಅತಿ ಪ್ರಿಯವಾದದ್ದು ಇದೇ.

ಜೇ ಚೌ ಜೊತೆ ಹಾಡಿದ್ದು ಯಾವಾಗ?

2006ರ ಸೆಪ್ಟೆಂಬರಿನಲ್ಲಿ ಬಂದ ಜೇ ಚೌ ಅವರ ಆಲ್ಬಮಿನಲ್ಲಿ. ಹಾಡು ‘ಚಿಯೆನ್ ಲೀ ಜಿ ವಾಯ್’, ಸಾವಿರ ಲೀ ಆಚೆಗೆ. (ಒಂದು ಲೀ ಎಂದರೆ ಸುಮಾರು ಅರ್ಧ ಕಿಲೊಮೀಟರು.) ರಾಗ ಜೇ ಚೌ ಅವರದು, ಸಾಹಿತ್ಯ ಫಾಂಗ್ ವೆನ್-ಶಾನ್ ಅವರದು.

ಜೇ ಚೌ ಹುಟ್ಟಿದ್ದು 1979ರಲ್ಲಿ, ಫೇ ಅವರಿಗಿಂತ 24 ವರ್ಷ ಕಿರಿಯರು. ಟಿವಿಯ ಹೊಸಬರ ಕಾರ್ಯಕ್ರಮವೊಂದರಲ್ಲಿ ಕಣ್ಣಿಗೆ ಬಿದ್ದು, 2000ದಲ್ಲಿ ಮೊದಲ ಆಲ್ಬಮ್ ತಂದು, ಕೆಲವೇ ವರ್ಷಗಳಲ್ಲಿ ಚೀನೀ ಭಾಷೆಯ ಪಾಪ್ ಸಂಗೀತದ ದಿಕ್ಕು ಬದಲಿಸಿದವರು. ಮಾತನ್ನು ಬಾಯಲ್ಲೇ ಮುದ್ದೆ ಮಾಡಿ ಹಾಡುವುದು ಅವರ ಗುರುತು. ಅಕ್ಷರ ತೊಳೆದು ಇಡುವವರಿಗೂ ಅಕ್ಷರ ನುಂಗುವವರಿಗೂ ಏನು ಹೊಂದಾಣಿಕೆ ಎಂದು ಯಾರಿಗಾದರೂ ಅನ್ನಿಸಬೇಕು. ಹಾಡು ಕೇಳಿದರೆ ಉತ್ತರ ಸಿಗುತ್ತದೆ. ಚರಣದಲ್ಲಿ ಜೇ ಚೌ ಗೊಣಗಿದಂತೆ ಹಾಡುತ್ತ ಕತ್ತಲೆ ಕವಿಸುತ್ತಾರೆ, ಪಲ್ಲವಿಯಲ್ಲಿ ಫೇ ಬರುತ್ತಾರೆ. ಮುಚ್ಚಿದ ಕೋಣೆಯ ಕಿಟಕಿ ಯಾರೋ ತೆರೆದಂತೆ ಆಗುತ್ತದೆ. ಐವತ್ತು ದಾಟಿದ್ದ ಗಾಯಕ ಆ ವರ್ಷ ಕಾಲೇಜು ಹುಡುಗರ ಬಾಯಲ್ಲೂ ಕೂತರು. ತೈವಾನಿನ ಕೆಟಿವಿ, ಅಂದರೆ ಗೆಳೆಯರ ಗುಂಪು ಕೋಣೆ ಬಾಡಿಗೆ ಹಿಡಿದು ಹಾಡುವ ಕ್ಯಾರಿಯೋಕೆ ಮನೆಗಳಲ್ಲಿ, ಇದನ್ನು ಹಾಡುವಾಗ ಪಲ್ಲವಿ ಸಿಕ್ಕವರು ತಲೆ ಮೇಲೆತ್ತುತ್ತಾರೆ.

ಅಂಗಡಿ ಮುಚ್ಚುವಾಗ ಹಾಕುವ ಹಾಡು ಅವರದೇ?

ಹೌದು. ‘ವಾನ್ ಆನ್ ಚ್ಯೂ’, ಶುಭರಾತ್ರಿಯ ಹಾಡು. ತೈವಾನಿನಲ್ಲಿ ಗ್ರಂಥಾಲಯ, ಅಂಗಡಿ ಸಂಕೀರ್ಣಗಳು ಬಾಗಿಲು ಹಾಕುವ ಹೊತ್ತಿಗೆ ಇದು ಕೇಳಿಸುತ್ತದೆ. ‘ಸಮಯ ಮುಗಿಯಿತು, ಎದ್ದೇಳಿ’ ಎಂದು ಯಾರೂ ಕೂಗಬೇಕಾಗಿಲ್ಲ. ಮೊದಲ ಸಾಲು ಬಂದರೆ ಜನ ಪುಸ್ತಕ ಮಡಚಿ ಏಳುತ್ತಾರೆ. ಅವರ ಮುಖ ಗೊತ್ತಿಲ್ಲದ ಮಕ್ಕಳಿಗೂ ದನಿ ಗೊತ್ತಿರುವುದು ಹೀಗೆ.

ಮದುವೆ, ಮಕ್ಕಳು?

ಮದುವೆಯಾಗಲಿಲ್ಲ. ತಂದೆತಾಯಿಯೇ ಅವರ ಮನೆಯಾಗಿದ್ದರು.

ಹಾಡುವುದನ್ನು ನಿಲ್ಲಿಸಿದ್ದೇಕೆ? ದನಿ ಹೋಯಿತೇ?

ದನಿ ಚೆನ್ನಾಗಿಯೇ ಇತ್ತು. 2018ರ ಸೆಪ್ಟೆಂಬರ್ 27ರಂದು ಅವರದೊಂದು ಪತ್ರ ಪ್ರಕಟವಾಯಿತು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಬದುಕಿನಲ್ಲಿ ತಾನು ಸೇರಿದ ಜಾಗವೇ ಇಲ್ಲದಂತಾಯಿತು, ಅವರೊಡನೆ ಹಂಚಿಕೊಳ್ಳಲಾಗದ ಮೇಲೆ ಬೆಳಕಿನ ವೇದಿಕೆ ಇನ್ನಷ್ಟು ಒಂಟಿತನ ತರುತ್ತದೆ, ಚಪ್ಪಾಳೆ ಆ ಜಾಗವನ್ನು ತುಂಬುವುದಿಲ್ಲ ಎಂಬುದು ಅದರ ಸಾರ. ಇಷ್ಟು ವರ್ಷ ಓಡುತ್ತ ನೋಡದೆ ಬಿಟ್ಟದ್ದನ್ನು ಇನ್ನು ನಿಂತು ನೋಡಬೇಕೆಂದು ಬರೆದಿದ್ದರು.

ಬರೆದಂತೆಯೇ ನಡೆದುಕೊಂಡರು. ಒಂದು ವರ್ಷ ಊರೂರು ಸುತ್ತಿ ವಿದಾಯದ ಕಛೇರಿಗಳನ್ನು ಕೊಟ್ಟರು. 2019ರ ನವೆಂಬರ್ 7ರಂದು ತೈಪೆ ಅರೀನಾದಲ್ಲಿ ಕೊನೆಯದು. ಆಗ ಅವರಿಗೆ 64.

ವಿದಾಯ ಹೇಳಿ ಎರಡು ವರ್ಷಕ್ಕೆ ಮರಳುವ ಕಲಾವಿದರನ್ನು ನಾವೆಲ್ಲ ನೋಡಿದ್ದೇವೆ. 2020ರಲ್ಲಿ ಹಿಮದ ಹಾಡು ಲೋಕ ಸುತ್ತಿದಾಗ ಇವರಿಗೂ ಅಂಥ ಅವಕಾಶ ಬಾಗಿಲಿಗೇ ಬಂದಿತ್ತು. ಇವರು ವೇದಿಕೆಗೆ ಬರಲಿಲ್ಲ.

ಚೀನೀ ಭಾಷೆ ಬಾರದವರು ಎಲ್ಲಿಂದ ಕೇಳಲು ಶುರು ಮಾಡಬೇಕು?

‘ಯೀ ಜಿಯೆನ್ ಮೇಯ್’ ಇಂದಲೇ ಮಾಡಿ, ಆದರೆ ಪೂರ್ತಿ ಕೇಳಿ. ವೈರಲ್ ಆದ ಆ ಸಾಲು ಹಾಡಿನ ಶುರುವಿನದಲ್ಲ, ಅದು ಬರುವ ಹೊತ್ತಿಗೆ ಪ್ರೀತಿಯ ಮಾತು ಅರ್ಧ ಆಗಿರುತ್ತದೆ. ಆಮೇಲೆ ‘ನಾನ್‌ಪಿಂಗ್ ವಾನ್ ಜೊಂಗ್’, ಅದರ ನಡಿಗೆ ಹಗುರ, ಬೇಗ ಬಾಯಿಗೆ ಬರುತ್ತದೆ. ‘ಮೆಂಗ್ ಥುವೊ ಲಿಂಗ್’ ಅನ್ನು ರಾತ್ರಿ, ಒಬ್ಬರೇ ಇರುವಾಗ ಕೇಳಿ. ಊರಿಂದ ದೂರ ಇರುವ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಬೀಳಲಿಕ್ಕಿಲ್ಲ. ಜೇ ಚೌ ಜೊತೆಗಿನ ಹಾಡನ್ನು ಇವೆಲ್ಲ ಆದ ಮೇಲೆ ಹಾಕಿ. ಅಷ್ಟರಲ್ಲಿ ಆ ದನಿ ಪರಿಚಯವಾಗಿರುತ್ತದೆ, ಪಲ್ಲವಿಯಲ್ಲಿ ಅದು ಬಂದಾಗ ಗುರುತು ಹಿಡಿಯುವ ಸಂತೋಷ ನಿಮ್ಮದಾಗುತ್ತದೆ. ಶುಭರಾತ್ರಿಯ ಹಾಡನ್ನು ಮಲಗುವ ಮುಂಚೆಗೆ ಇಟ್ಟುಕೊಳ್ಳಿ.